ಘಾಟಿ ಇಳಿದು ಕಡಲಿಗೆ, ಕಡಲಿನಿಂದ ಮತ್ತೆ ಘಾಟಿಗೆ

ಕಳೆದ ತಿಂಗಳು ಅಕ್ಕನ ಮಗ ಫೋನ್ ಮಾಡಿದ. "ಮಾವ, ನಾವು ನಾಲ್ಕು ಜನ ಶುಕ್ರವಾರ ರಾತ್ರಿ ಚಿಕ್ಕಮಗಳೂರು ಬಿಡ್ತೀವಿ. ಶನಿವಾರ ಬೆಳಿಗ್ಗೆ ನೇತ್ರಾಣಿಲಿ ಸ್ಕೂಬಾ. ಮಧ್ಯಾಹ್ನ ಮೀನೂಟ ಮುಗಿಸಿ ಹೊರಟ್ರೆ, ಆಗುಂಬೆ ಘಾಟಿ ಹತ್ತಿ ರಾತ್ರಿ ಮನೆ. ಭಾನುವಾರ ಮುಳ್ಳಯ್ಯನಗಿರಿಲಿ ಸೂರ್ಯೋದಯ. ಹೆಂಗಿದೆ ಪ್ಲಾನು?"

ಪ್ಲಾನು ಚೆನ್ನಾಗಿತ್ತು. ಒಂದು ಕಡೆ ಮಾತ್ರ ತಪ್ಪಿತ್ತು. "ಶನಿವಾರ ರಾತ್ರಿ ಅಲ್ಲೇ ಉಳ್ಕೊಳ್ಳಿ" ಅಂದೆ. "ಯಾಕೆ ಮಾವ, ಸುಸ್ತಾಗುತ್ತೆ ಅಂತಾನಾ?" ಅಂದ. ಸುಸ್ತಿನ ಮಾತಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಸ್ಕೂಬಾ ಮಾಡಿದವರು, ಅಂದರೆ ಗಾಳಿಯ ಸಿಲಿಂಡರ್ ಬೆನ್ನಿಗೆ ಕಟ್ಟಿಕೊಂಡು ಸಮುದ್ರದೊಳಗೆ ಹೋಗಿ ಬಂದವರು, ಅದೇ ದಿನ ಎತ್ತರಕ್ಕೆ ಹತ್ತಬಾರದು. ನಮ್ಮ ಮನೆಗಳೇ ಎತ್ತರದಲ್ಲಿವೆ. ಈಗ ಘಟ್ಟದ ಮೇಲಿಂದ ಹೋಗುವವರು ಜಾಸ್ತಿಯಾಗಿದ್ದಾರೆ. ನಾನು ಕೇಳಿದ ಪ್ಲಾನುಗಳೆಲ್ಲ ಹೆಚ್ಚುಕಮ್ಮಿ ಹೀಗೇ ಇರುತ್ತವೆ. ಅದಕ್ಕೇ ಇದನ್ನು ಬುಡದಿಂದ ಹೇಳೋಣ ಅಂತ ಕೂತೆ.

ನೇತ್ರಾಣಿ ಅಂದರೆ ಮುರುಡೇಶ್ವರದ ದಡದಿಂದ ಸುಮಾರು 19 ಕಿ.ಮೀ. ದೂರದಲ್ಲಿರುವ ಒಂದು ಬಂಡೆ ದ್ವೀಪ. ಬೋಟಿನಲ್ಲಿ ಒಂದೂವರೆ ಗಂಟೆಯ ದಾರಿ. ದ್ವೀಪದ ಮೇಲೆ ಜನವಸತಿ ಇಲ್ಲ. ಸುತ್ತಲಿನ ಬಂಡೆಗಳ ಮೇಲೆ ಹವಳ ಬೆಳೆದಿದೆ, ಹವಳ ಇದ್ದಲ್ಲಿ ಮೀನು ಇರುತ್ತದೆ. ಮಳೆಗಾಲದಲ್ಲಿ ಅಲ್ಲಿಗೆ ಹೋಗುವಂತಿಲ್ಲ. ಮಳೆ ನಿಂತು ನೀರು ತಿಳಿಯಾದ ಮೇಲೆ ಮೇ ತಿಂಗಳವರೆಗೂ ಹೋಗಬಹುದು. ಮೊದಲ ಸಲ ಹೋಗುವವರನ್ನು ತರಬೇತುದಾರರು ಕೈಹಿಡಿದು ಕರೆದುಕೊಂಡು ಹೋಗುತ್ತಾರೆ. ಗರಿಷ್ಠ ಆಳ 12 ಮೀಟರ್. ಇದಕ್ಕೆ ಈಜು ಬರಲೇಬೇಕು ಅಂತಿಲ್ಲ. ಇದನ್ನು ಕೇಳಿ ಎಷ್ಟೋ ಜನ ಆಶ್ಚರ್ಯಪಡುತ್ತಾರೆ. ನೀರಿನ ಕೆಳಗೆ ಈಜುವ ಕೆಲಸ ಕಡಿಮೆ. ಅಲ್ಲಿ ಬೇಕಾಗಿರುವುದು ಒತ್ತಡ ಅಂದರೆ ಏನು ಅನ್ನುವ ತಿಳಿವಳಿಕೆ.

ಅದು ನಮಗೆ ಆಗಲೇ ಅರ್ಧ ಗೊತ್ತಿದೆ.

ಚಾರ್ಮಾಡಿ ಇಳಿದಿದ್ದೀರಲ್ಲ? ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಬಸ್ ಹತ್ತಿದರೆ, ನಾಲ್ಕು ತಿರುವು ದಾಟುವುದರೊಳಗೆ ಕಿವಿ ಕಟ್ಟಿಕೊಳ್ಳುತ್ತದೆ. ಪಕ್ಕದವರ ಮಾತು ದೂರದಿಂದ ಬಂದ ಹಾಗೆ ಕೇಳಿಸುತ್ತದೆ. ಚಿಕ್ಕ ಮಕ್ಕಳು ಅಳೋಕೆ ಶುರು ಮಾಡುತ್ತವೆ. ಅಮ್ಮಂದಿರು ಬಾಯಿಗೊಂದು ಪೆಪ್ಪರ್‌ಮೆಂಟ್ ಹಾಕಿ "ಉಗುಳು ನುಂಗು, ಬಿಡುತ್ತೆ" ಅನ್ನುತ್ತಾರೆ. ಉಗುಳು ನುಂಗಿದರೆ 'ಟಪ್' ಅಂತ ಕಿವಿ ಬಿಟ್ಟುಕೊಳ್ಳುತ್ತದೆ.

ಅಲ್ಲಿ ಆಗುವುದು ಇಷ್ಟೇ. ಗಾಳಿಗೂ ತೂಕ ಇದೆ. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಅಷ್ಟು ಎತ್ತರದಲ್ಲಿ ತಲೆಯ ಮೇಲಿನ ಗಾಳಿ ಕಡಿಮೆ. ಕಡಲ ತೀರದ ಒತ್ತಡ ನೂರು ಅಂತ ಇಟ್ಟುಕೊಂಡರೆ ನಮ್ಮಲ್ಲಿ ಸುಮಾರು 88. ಘಾಟಿ ಇಳಿದ ಹಾಗೆಲ್ಲ ಹೊರಗಿನ ಒತ್ತಡ ಏರುತ್ತಾ ಹೋಗುತ್ತದೆ. ಕಿವಿ ತಮಟೆಯ ಹಿಂದೆ ಒಂದು ಪುಟ್ಟ ಕೋಣೆ ಇದೆ. ಅದರೊಳಗೆ ಇನ್ನೂ ಊರಿನ ಗಾಳಿಯೇ ಇರುತ್ತದೆ. ಹೊರಗೆ ಜಾಸ್ತಿ, ಒಳಗೆ ಕಮ್ಮಿ, ತಮಟೆ ಒಳಕ್ಕೆ ಬಾಗುತ್ತದೆ. ಆ ಕೋಣೆಯಿಂದ ಗಂಟಲಿಗೆ ಒಂದು ಸಣ್ಣ ಕೊಳವೆ ಇದೆ. ಮಾಮೂಲಿಯಾಗಿ ಅದು ಮುಚ್ಚಿರುತ್ತದೆ. ನುಂಗಿದಾಗ, ಆಕಳಿಸಿದಾಗ ತೆರೆಯುತ್ತದೆ. ಗಾಳಿ ಒಳಗೆ ಹೋಗಿ ಎರಡೂ ಕಡೆ ಸಮ ಆಗುತ್ತದೆ.

ಈಗ ನೀರಿಗೆ ಬನ್ನಿ. ನೀರು ಗಾಳಿಗಿಂತ 800 ಪಟ್ಟು ಭಾರ. ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದರೆ, ಭೂಮಿಯ ಇಡೀ ವಾತಾವರಣ ನಮ್ಮ ಮೇಲೆ ಹಾಕುವಷ್ಟು ಒತ್ತಡ ಇನ್ನೊಂದು ಸಲ ಸೇರಿಕೊಳ್ಳುತ್ತದೆ. ದಡದಲ್ಲಿ ಒಂದು, 10 ಮೀಟರ್‌ನಲ್ಲಿ ಎರಡು, 20ರಲ್ಲಿ ಮೂರು.

ಈ ಲೆಕ್ಕವನ್ನು ನಮ್ಮ ಘಾಟಿಗೆ ಹೊಂದಿಸಿ ನೋಡಿದಾಗ ನಾನೇ ದಂಗಾಗಿದ್ದೆ. ಚಿಕ್ಕಮಗಳೂರಿನಿಂದ ಕಡಲ ತೀರದವರೆಗೆ ಅಷ್ಟೂ ತಿರುವು ಇಳಿದರೆ ಏರುವ ಒತ್ತಡ, ಸಮುದ್ರದ ನೀರಿನಲ್ಲಿ ಸುಮಾರು ಒಂದೂಕಾಲು ಮೀಟರ್ ಇಳಿದಷ್ಟು. ಅಂದರೆ ಎದೆಮಟ್ಟದ ನೀರು! ಬಸ್ಸು ಗಂಟೆಗಟ್ಟಲೆ ಇಳಿಯುವುದನ್ನು ಡೈವರ್ ಕೆಲವೇ ಸೆಕೆಂಡಿನಲ್ಲಿ ಇಳಿಯುತ್ತಾನೆ. 12 ಮೀಟರ್‌ಗೆ ಹೋಗುವುದೆಂದರೆ ಅಂಥ ಹತ್ತು ಘಾಟಿಗಳನ್ನು ಒಂದರ ಹಿಂದೆ ಒಂದು ಇಳಿದ ಹಾಗೆ.

ಹಾಗಾಗಿ ಪೆಪ್ಪರ್‌ಮೆಂಟು ಸಾಲದು. ಮೂಗನ್ನು ಎರಡು ಬೆರಳಲ್ಲಿ ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಮೂಗಿನ ಕಡೆಗೆ ಊದಬೇಕು. ಕಿವಿ 'ಟಪ್' ಅನ್ನುತ್ತದೆ. ಕಣ್ಣಿಗೆ ಹಾಕುವ ಗಾಜಿನ ಮಾಸ್ಕ್ ಮೂಗನ್ನೂ ಮುಚ್ಚಿಕೊಂಡಿರುತ್ತದೆ. ಮೂಗಿನ ಜಾಗದಲ್ಲಿ ಮೆತ್ತನೆಯ ರಬ್ಬರ್ ಇರುವುದರಿಂದ ಹೊರಗಿನಿಂದಲೇ ಹಿಂಡಬಹುದು. ನೋವು ಬಂದ ಮೇಲೆ ಊದಿದರೆ ತಡವಾಯಿತು ಅಂತ ಲೆಕ್ಕ. ತಲೆ ಮುಳುಗಿದ ಕೂಡಲೇ ಒಂದು ಸಲ, ಆಮೇಲೆ ಅರ್ಧರ್ಧ ಮೀಟರ್‌ಗೆ ಒಂದೊಂದು ಸಲ ಮಾಡುತ್ತಿರಬೇಕು. ಬಿಡದಿದ್ದರೆ ಒಂದು ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನಿಸಬೇಕು. ಜೋರಾಗಿ ಊದಲೇಬಾರದು.

ನೆಗಡಿ ಇದ್ದರೆ ಈ ಕೊಳವೆ ಊದಿಕೊಂಡಿರುತ್ತದೆ, ತೆರೆಯುವುದಿಲ್ಲ. ನನ್ನ ಮೊದಲ ಸಲ ನನಗೆ ಸಣ್ಣ ನೆಗಡಿ ಇತ್ತು. ಅಷ್ಟು ದೂರ ಬಂದಿದ್ದೇನೆ, ಹೇಳಿದರೆ ಇಳಿಸುವುದಿಲ್ಲ ಅಂತ ಮುಚ್ಚಿಟ್ಟೆ. ಮೂರು ಮೀಟರ್‌ಗೆ ಹೋಗುವಷ್ಟರಲ್ಲಿ ಕಿವಿಯೊಳಗೆ ಸೂಜಿ ಚುಚ್ಚಿದಂತಾಯಿತು. ತರಬೇತುದಾರರು ನನ್ನ ಮುಖ ನೋಡಿಯೇ ತಿಳಿದುಕೊಂಡು ಮೇಲಕ್ಕೆ ಕರೆತಂದರು. ಉಳಿದ ಹೊತ್ತು ಬೋಟಿನಲ್ಲೇ ಕೂತಿದ್ದೆ. ಕಿವಿ ಸರಿಹೋಗಲು ಹತ್ತು ದಿನ ಬೇಕಾಯಿತು. ಬೋಟ್ ಹತ್ತುವ ಮುಂಚೆ ಒಂದು ಫಾರಂ ಕೊಡುತ್ತಾರೆ. ಆಸ್ತಮಾ, ಹೃದಯದ ತೊಂದರೆ, ಕಿವಿಯ ಆಪರೇಷನ್, ಗರ್ಭಿಣಿಯೇ ಅಂತೆಲ್ಲ ಕೇಳಿರುತ್ತಾರೆ. ದಯವಿಟ್ಟು ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ.

ಕಿವಿಯ ಕೋಣೆಗಿಂತ ದೊಡ್ಡ ಕೋಣೆ ನಮ್ಮ ಎದೆಯಲ್ಲಿದೆ. ಅದು ಅರ್ಥವಾಗಬೇಕಾದರೆ ಒಂದು ಕೆಲಸ ಮಾಡಿ. ಮುಳ್ಳಯ್ಯನಗಿರಿಯ ತುದಿಯಲ್ಲಿ ನೀರು ಕುಡಿದು, ಖಾಲಿ ಬಾಟಲಿಯ ಮುಚ್ಚಳ ಬಿಗಿಯಾಗಿ ಹಾಕಿ ಕಾರಿನಲ್ಲಿ ಇಡಿ. ಮಂಗಳೂರು ಮುಟ್ಟುವ ಹೊತ್ತಿಗೆ ಬಾಟಲಿ ಯಾರೋ ಹಿಂಡಿದಂತೆ ಸೊಟ್ಟಗಾಗಿರುತ್ತದೆ. 1,930 ಮೀಟರ್ ಎತ್ತರದಲ್ಲಿ ತುಂಬಿದ ಗಾಳಿ ಅಲ್ಲಿ ಐದನೇ ಒಂದು ಪಾಲು ಕುಗ್ಗಿರುತ್ತದೆ. ಉಡುಪಿಯಲ್ಲಿ ಕೊಂಡ ಚಿಪ್ಸ್ ಪ್ಯಾಕೆಟ್ ಘಾಟಿ ಹತ್ತುವಾಗ ಬಲೂನಿನ ಹಾಗೆ ಉಬ್ಬುವುದೂ ಇದೇ ಲೆಕ್ಕದಲ್ಲಿ. ಒತ್ತಡ ಎರಡು ಪಟ್ಟಾದರೆ ಗಾಳಿಯ ಗಾತ್ರ ಅರ್ಧ, ಒತ್ತಡ ಅರ್ಧವಾದರೆ ಗಾತ್ರ ಎರಡು ಪಟ್ಟು ಅಂತ 1662ರಲ್ಲೇ ರಾಬರ್ಟ್ ಬಾಯ್ಲ್ ಬರೆದಿಟ್ಟಿದ್ದಾನೆ.

ಅದೇ ಬಾಟಲಿಯನ್ನು 10 ಮೀಟರ್ ಆಳದಲ್ಲಿ ಸಿಲಿಂಡರಿನ ಗಾಳಿಯಿಂದ ತುಂಬಿಸಿ, ಮುಚ್ಚಳ ಹಾಕಿ ಮೇಲೆ ತಂದರೆ ಏನಾಗುತ್ತದೆ? ಒಂದು ಬಾಟಲಿ ಗಾಳಿ ಎರಡು ಬಾಟಲಿ ಆಗೋಕೆ ಹೊರಡುತ್ತದೆ. ಬಾಟಲಿಯ ಜಾಗದಲ್ಲಿ ಶ್ವಾಸಕೋಶ ಇಟ್ಟುಕೊಳ್ಳಿ. ಮುಚ್ಚಳ ಅಂದರೆ ಬಿಗಿಹಿಡಿದ ಉಸಿರು.

ಸ್ಕೂಬಾದ ಮೊದಲ ನಿಯಮ ಇದರಿಂದಲೇ ಬಂದಿದ್ದು. ನೀರಿನಡಿಯಲ್ಲಿ ಯಾವತ್ತೂ ಉಸಿರು ಬಿಗಿಹಿಡಿಯಬಾರದು. ಎಳೆಯುತ್ತಿರಬೇಕು, ಬಿಡುತ್ತಿರಬೇಕು. ತುಂಬಿದ ಎದೆಯಲ್ಲಿ ಉಸಿರು ಹಿಡಿದು ಒಂದೂವರೆ ಮೀಟರ್ ಮೇಲೆ ಬಂದರೂ ಶ್ವಾಸಕೋಶಕ್ಕೆ ಪೆಟ್ಟಾಗಬಹುದು. ನಮಗೆ ಇದು ಕಷ್ಟ. ಕೆರೆಯಲ್ಲಿ ಬೆಂಡು ಕಟ್ಟಿಕೊಂಡು ಈಜು ಕಲಿತವರಿಗೆ, ಹೇಮಾವತಿಯಲ್ಲಿ ಮುಳುಗು ಹಾಕಿ ಬೆಳೆದವರಿಗೆ ಮುಳುಗುವುದು ಅಂದರೇ ಉಸಿರು ಕಟ್ಟುವುದು. ಆ ಅಭ್ಯಾಸ ಬಿಡಬೇಕು. ಹೆದರಿಕೆಯಾದಾಗಲಂತೂ ಕೈ ತಾನಾಗಿ ಮೇಲಕ್ಕೆ ಹೋಗುತ್ತದೆ, ಉಸಿರು ತಾನಾಗಿ ನಿಲ್ಲುತ್ತದೆ. ಇಳಿಯುವ ಮುಂಚೆ ಆಳವಿಲ್ಲದ ನೀರಿನಲ್ಲಿ ಅಭ್ಯಾಸ ಮಾಡಿಸುತ್ತಾರಲ್ಲ, ಆ ಹೊತ್ತಿನಲ್ಲಿ ಇದೊಂದನ್ನು ಸಾಕೆನಿಸುವಷ್ಟು ಮಾಡಿ. ಬೇರೆ ಎಲ್ಲವನ್ನೂ ಅವರು ನೋಡಿಕೊಳ್ಳುತ್ತಾರೆ. ನಿಮ್ಮ ಉಸಿರನ್ನು ನೀವೇ ನೋಡಿಕೊಳ್ಳಬೇಕು.

ಬೆನ್ನಿಗೆ ಕಟ್ಟುವ ಸಿಲಿಂಡರನ್ನು ಎಲ್ಲರೂ 'ಆಕ್ಸಿಜನ್ ಸಿಲಿಂಡರ್' ಅನ್ನುತ್ತಾರೆ. ಅದರಲ್ಲಿರುವುದು ನಾವು ಉಸಿರಾಡುವ ಮಾಮೂಲಿ ಗಾಳಿಯೇ, ಒತ್ತಿ ತುಂಬಿದ್ದು. ಬರೀ ಆಕ್ಸಿಜನ್ ಎಳೆದುಕೊಂಡು 6 ಮೀಟರ್‌ಗಿಂತ ಕೆಳಗೆ ಹೋದರೆ ಫಿಟ್ಸ್ ಬರುವ ಅಪಾಯ ಇದೆ. ಕಾರಿನ ಟೈರಿಗೆ ನಾವು 30 ಪಾಯಿಂಟ್ ಗಾಳಿ ಹಿಡಿಸುತ್ತೇವೆ. ಈ ಸಿಲಿಂಡರಿನಲ್ಲಿ ಹೆಚ್ಚುಕಮ್ಮಿ 3,000 ಪಾಯಿಂಟ್ ಇರುತ್ತದೆ. ಅಷ್ಟು ರಭಸದ ಗಾಳಿಯನ್ನು ನೇರವಾಗಿ ಬಾಯಿಗೆ ಬಿಡೋಕಾಗುತ್ತಾ? ಮಧ್ಯೆ ರೆಗ್ಯುಲೇಟರ್ ಇದೆ. ನೀವಿರುವ ಆಳದಲ್ಲಿ ಒತ್ತಡ ಎಷ್ಟಿದೆಯೋ ಅಷ್ಟೇ ಒತ್ತಡದ ಗಾಳಿಯನ್ನು, ನೀವು ಎಳೆದಾಗ ಮಾತ್ರ ಅದು ಕೊಡುತ್ತದೆ. ಹೊರಗಿನ ನೀರು ಎದೆಯನ್ನು ಎಷ್ಟು ಒತ್ತುತ್ತದೋ, ಒಳಗಿನ ಗಾಳಿಯೂ ಅಷ್ಟೇ ಒತ್ತುವುದರಿಂದ ಉಸಿರಾಟ ಸಲೀಸು. 1943ರಲ್ಲಿ ಫ್ರಾನ್ಸಿನಲ್ಲಿ ಜಾಕ್ ಕುಸ್ಟೊ ಮತ್ತು ಎಮಿಲ್ ಗಾನ್ಯಾನ್ ಇದನ್ನು ಮಾಡಿದರು. ಆಗ ಯುದ್ಧದ ಕಾಲ, ಪೆಟ್ರೋಲ್ ಇರಲಿಲ್ಲ. ಕಾರುಗಳನ್ನು ಗ್ಯಾಸಿನಲ್ಲಿ ಓಡಿಸಲು ಗಾನ್ಯಾನ್ ಒಂದು ವಾಲ್ವ್ ಮಾಡಿದ್ದ. ಅದನ್ನೇ ತಿದ್ದಿ ಮನುಷ್ಯ ನೀರಿನಡಿ ಉಸಿರಾಡುವ ಸಾಧನ ಮಾಡಿಕೊಂಡರು.

ಮೈಮೇಲಿನ ಜಾಕೆಟ್ಟನ್ನು ಬೇಕಾದಾಗ ಊದಿಸಬಹುದಾದ ಬೆಂಡು ಅಂದುಕೊಳ್ಳಿ. ಗಾಳಿ ತುಂಬಿದರೆ ತೇಲಿಸುತ್ತದೆ, ಬಿಟ್ಟರೆ ಮುಳುಗಿಸುತ್ತದೆ. ಕೈಸನ್ನೆ ನಾಲ್ಕೈದು ಹೇಳಿಕೊಡುತ್ತಾರೆ. ಅದರಲ್ಲಿ ಒಂದನ್ನು ಮರೆಯಬೇಡಿ. ಹೆಬ್ಬೆರಳು ಎತ್ತಿದರೆ 'ಸೂಪರ್' ಅಂತ ಅಲ್ಲ, 'ನನ್ನನ್ನು ಮೇಲಕ್ಕೆ ಕರೆದುಕೊಂಡು ಹೋಗಿ' ಅಂತ. ಚೆನ್ನಾಗಿದೆ ಅನ್ನೋಕೆ ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ಮಾಡಬೇಕು.

ಕೆಳಗೆ ಇಳಿದ ಮೇಲೆ ಮೊದಲು ಗಮನಕ್ಕೆ ಬರುವುದು ಬಣ್ಣ. ನೀರು ಬೆಳಕಿನೊಳಗಿನ ಕೆಂಪನ್ನು ಮೊದಲು ನುಂಗುತ್ತದೆ. ಐದಾರು ಮೀಟರ್ ಆಗುವಷ್ಟರಲ್ಲಿ ಕೆಂಪು ಮಂಕಾಗಿ ಕಂದಾಗುತ್ತದೆ. ನನ್ನ ಕೈಗೆ ಕಟ್ಟಿದ್ದ ದೇವಸ್ಥಾನದ ಕೆಂಪು ದಾರ ಕೆಳಗೆ ಹೋದ ಮೇಲೆ ಕಾಫಿ ಬಣ್ಣವಾಗಿತ್ತು. ಮಾಸ್ಕಿನ ಗಾಜಿನಿಂದ ನೋಡುವುದರಿಂದ ಎಲ್ಲವೂ ಕಾಲು ಭಾಗ ಹತ್ತಿರ, ಮೂರನೇ ಒಂದು ಭಾಗ ದೊಡ್ಡದಾಗಿ ಕಾಣುತ್ತದೆ.

ಹವಳದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ದೂರದಿಂದ ಅದು ಬಂಡೆಯ ಮೇಲೆ ಹತ್ತಿದ ಹುತ್ತದ ಹಾಗೆ ಕಾಣುತ್ತದೆ. ಹತ್ತಿರ ಹೋದರೆ ಮೈತುಂಬ ಪುಟ್ಟ ಪುಟ್ಟ ಗುಳಿ. ಗುಳಿ ಒಂದೊಂದರಲ್ಲೂ ಒಂದು ಪ್ರಾಣಿ. ಸಾಸಿವೆಯಷ್ಟೋ ಮೆಣಸಿನಕಾಳಿನಷ್ಟೋ ಇರುವ ಮೆತ್ತನೆ ಜೀವ, ಬಾಯಿ ಸುತ್ತ ಕೂದಲಿನಂಥ ಬೆರಳುಗಳು. ತನ್ನ ಕೆಳಗೆ ತಾನೇ ಸುಣ್ಣದ ಪೀಠ ಕಟ್ಟಿಕೊಳ್ಳುತ್ತಾ ಹೋಗುತ್ತದೆ. ಅದರ ಮೈಯೊಳಗೆ ಪಾಚಿಯ ಕಣಗಳು ವಾಸ ಮಾಡುತ್ತವೆ. ಪಾಚಿ ಬಿಸಿಲಿನಲ್ಲಿ ಆಹಾರ ಮಾಡಿ ಹವಳಕ್ಕೆ ಕೊಡುತ್ತದೆ, ಹವಳ ಪಾಚಿಗೆ ಮನೆ ಕೊಡುತ್ತದೆ. ನಮ್ಮ ಕಡೆ ಮರದ ಕಾಂಡ, ಬಂಡೆಗಳ ಮೇಲೆ ಬೆಳೆಯುವ, ಮಸಾಲೆಗೆ ಹಾಕುವ ಕಲ್ಲುಹೂವು ಇದೆಯಲ್ಲ, ಅದರಲ್ಲೂ ಹೀಗೇ, ಶಿಲೀಂಧ್ರ ಮತ್ತು ಪಾಚಿ ಒಂದೇ ಮೈಯಲ್ಲಿ ಸಂಸಾರ ಮಾಡುತ್ತವೆ. ಹವಳಕ್ಕೆ ಬಣ್ಣ ಬರುವುದು ಹೆಚ್ಚಾಗಿ ಈ ಪಾಚಿಯಿಂದಲೇ. ಸಮುದ್ರದ ನೀರು ಮಾಮೂಲಿಗಿಂತ ಒಂದು ಡಿಗ್ರಿ ಬಿಸಿಯಾಗಿ ವಾರಗಟ್ಟಲೆ ಹಾಗೇ ಇದ್ದರೆ ಹವಳ ಪಾಚಿಯನ್ನು ಹೊರಹಾಕುತ್ತದೆ. ಬಿಳುಚಿಕೊಂಡು ಹಸಿದು ನಿಲ್ಲುತ್ತದೆ. ನೀರು ಬೇಗ ತಣಿಯದಿದ್ದರೆ ಸಾಯುತ್ತದೆ.

ಗುಂಡು ಕಲ್ಲಿನಂಥ ಹವಳ ವರ್ಷಕ್ಕೆ ಒಂದು ಸೆಂಟಿಮೀಟರ್ ಆಸುಪಾಸು ಬೆಳೆಯುತ್ತದೆ. ಒಂದು ತೆಂಗಿನಕಾಯಿಯಷ್ಟು ದಪ್ಪ ಆಗಬೇಕಾದರೆ ಹತ್ತಾರು ವರ್ಷ ಬೇಕು. ಅದರ ಮೇಲೆ ಒಂದು ಸಲ ಕಾಲಿಟ್ಟರೆ, ಫೋಟೋಗೆ ಅಂತ ಕೈಯೂರಿದರೆ ಮೇಲಿನ ಆ ತೆಳುವಾದ ಜೀವದ ಪದರವೇ ಜಜ್ಜಿಹೋಗುತ್ತದೆ. ಎಲ್ಲವೂ ಹತ್ತಿರ ಕಾಣುತ್ತದೆ ಅಂದೆನಲ್ಲ, ದೂರ ಅಂದಾಜಾಗದೆ ಕಾಲಿಗೆ ಹಾಕಿದ ಫಿನ್, ಅಂದರೆ ರಬ್ಬರಿನ ಈಜುರೆಕ್ಕೆ, ತಾಗಿಬಿಡುತ್ತದೆ. ಕೈ ಕಟ್ಟಿಕೊಂಡು, ಕಾಲು ನಿಧಾನಕ್ಕೆ ಆಡಿಸಿ. ಸತ್ತು ಬಿದ್ದ ಹವಳದ ಚೂರನ್ನೂ ಎತ್ತಿಕೊಂಡು ಬರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಭದ್ರಾ ಕಾಡಿನ ಹುಲಿಗೆ ಇದ್ದ ಹಾಗೆ ಹವಳಕ್ಕೂ ಇದೆ.

ಈಗ ವಾಪಸ್ ಬರುವ ಮಾತು. ಇದೇ ನಾನು ಅಕ್ಕನ ಮಗನಿಗೆ ಹೇಳಬೇಕಾಗಿದ್ದು.

ಗೋಲಿ ಸೋಡಾ ನೋಡಿ. ಗೋಲಿ ಒತ್ತುವವರೆಗೂ ಅದು ಬರೀ ನೀರಿನ ಹಾಗೆ ಕಾಣುತ್ತದೆ. ಗ್ಯಾಸು ಒತ್ತಡದಲ್ಲಿ ಕರಗಿ ಕೂತಿರುತ್ತದೆ. ಗೋಲಿ ಒತ್ತಿದ ಕೂಡಲೇ ಒತ್ತಡ ಇಳಿದು ನೊರೆನೊರೆಯಾಗಿ ಎದ್ದು ಬರುತ್ತದೆ. ನಾವು ಉಸಿರಾಡುವ ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲು ನೈಟ್ರೋಜನ್. ದೇಹಕ್ಕೆ ಅದರಿಂದ ಉಪಯೋಗ ಇಲ್ಲ, ಆದರೆ ಒತ್ತಡ ಜಾಸ್ತಿಯಾದಾಗ ಅದು ರಕ್ತದಲ್ಲಿ, ಕೊಬ್ಬಿನಲ್ಲಿ ಕರಗುತ್ತಾ ಸೇರಿಕೊಳ್ಳುತ್ತದೆ. ಎಷ್ಟು ಆಳ, ಎಷ್ಟು ಹೊತ್ತು, ಅಷ್ಟು ಜಾಸ್ತಿ. ನಿಧಾನಕ್ಕೆ ಮೇಲೆ ಬಂದರೆ ಉಸಿರಿನ ಮೂಲಕ ಹೊರಗೆ ಹೋಗುತ್ತದೆ. ಒಮ್ಮೆಲೇ ಬಂದರೆ ಮೈಯೊಳಗೇ ಗುಳ್ಳೆ ಏಳುತ್ತದೆ. ಕೀಲು ನೋವು, ಜೋಮು, ಚರ್ಮದ ಮೇಲೆ ಗಂಧೆ, ತಲೆಸುತ್ತು, ವಿಪರೀತ ಸುಸ್ತು. ಬೆನ್ನುಹುರಿಗೆ ತಗುಲಿದರೆ ಕಾಲೇ ಬಿದ್ದುಹೋಗಬಹುದು.

ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಅಡಿಪಾಯಕ್ಕಾಗಿ 1870ರ ದಶಕದಲ್ಲಿ ನದಿಯ ತಳದಲ್ಲಿ, ಒತ್ತಡದ ಗಾಳಿ ತುಂಬಿದ ಪೆಟ್ಟಿಗೆಗಳೊಳಗೆ ಕೂಲಿಗಳು ಕೆಲಸ ಮಾಡುತ್ತಿದ್ದರು. ಮೇಲೆ ಬಂದವರು ನೋವಿನಿಂದ ಬಾಗಿ ನಡೆಯುತ್ತಿದ್ದರು. ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಕೂಡ ಇದೇ ಕಾಯಿಲೆಯಿಂದ ಹಾಸಿಗೆ ಹಿಡಿದ. ಆಮೇಲೆ ಜಾನ್ ಸ್ಕಾಟ್ ಹಾಲ್ಡೇನ್ ಎಂಬ ವಿಜ್ಞಾನಿ ಬ್ರಿಟಿಷ್ ನೌಕಾಪಡೆಗಾಗಿ ಆಡುಗಳನ್ನು ಒತ್ತಡದ ಕೋಣೆಯಲ್ಲಿಟ್ಟು ಪರೀಕ್ಷೆ ಮಾಡಿದ. ನೋವಾದ ಆಡು ಒಂದು ಮುಂಗಾಲು ಎತ್ತಿ ನಿಲ್ಲುತ್ತಿತ್ತು. ಒತ್ತಡ ಅರ್ಧಕ್ಕೆ ಇಳಿಯುವವರೆಗೆ ದೇಹ ತಡೆದುಕೊಳ್ಳುತ್ತದೆ, ಅದಕ್ಕಿಂತ ಜಾಸ್ತಿ ಇಳಿಯಬೇಕಾದರೆ ನಿಂತು ನಿಂತು ಬರಬೇಕು ಅಂತ ಅವನ ತೀರ್ಮಾನ. 1908ರಲ್ಲಿ ಅದು ಪ್ರಕಟವಾಯಿತು. ಆ ಲೆಕ್ಕವನ್ನು ಆಮೇಲೆ ತುಂಬಾ ತಿದ್ದಿದ್ದಾರೆ, ಆದರೆ ದಾರಿ ತೋರಿಸಿದ್ದು ಆ ಆಡುಗಳು. ನೇತ್ರಾಣಿಯ ಬಂಡೆಗಳ ಮೇಲೂ ಕಾಡುಬಿದ್ದ ಆಡುಗಳಿವೆ. ಬೋಟಿನಿಂದ ಅವು ಕಂಡರೆ ನನಗೆ ಹಾಲ್ಡೇನನ ಆಡುಗಳು ನೆನಪಾಗುತ್ತವೆ.

ಹಾಲ್ಡೇನನ ಲೆಕ್ಕ ಹಿಡಿದು ನೋಡಿ. 10 ಮೀಟರ್ ಆಳದಲ್ಲಿ ಒತ್ತಡ ಎರಡು. ನೀರಿನ ಮೇಲೆ ಬಂದರೆ ಒಂದು. ಸರಿಯಾಗಿ ಅರ್ಧ. ಕಡಲ ತೀರದವರಿಗೆ ಕತೆ ಅಲ್ಲಿಗೆ ಮುಗಿಯಿತು. ಊಟ ಮಾಡಿ ಮಲಗುತ್ತಾರೆ. ನಮ್ಮದು ಮುಗಿಯುವುದಿಲ್ಲ. ನಾವು ನೀರಿನಿಂದ ಮೇಲೆ ಬಂದ ಮೇಲೂ ಮೇಲಕ್ಕೇ ಹೋಗುತ್ತಿರುತ್ತೇವೆ. ಆಗುಂಬೆಯೋ ಶಿರಾಡಿಯೋ ಹತ್ತಿ ಒತ್ತಡ 0.88ಕ್ಕೆ ಇಳಿಯುವ ಊರಿಗೆ ಬರುತ್ತೇವೆ. ಮುಳ್ಳಯ್ಯನಗಿರಿಗೆ ಹೋದರೆ ಇನ್ನೂ ಇಳಿದು 0.8ರ ಹತ್ತಿರ.

ವಿಮಾನದ ಒಳಗೂ ಒತ್ತಡ ಕಡಿಮೆ ಇರುತ್ತದೆ. ಅದಕ್ಕೇ ಡೈವ್ ಮಾಡಿದ ಮೇಲೆ ವಿಮಾನ ಹತ್ತಲು ಕಾಯಬೇಕು ಅನ್ನುವ ನಿಯಮ ಇದೆ. ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ. ಎರಡು ಡೈವ್ ಮಾಡಿದರೆ, ಅಥವಾ ಹಲವು ದಿನ ಮಾಡಿದರೆ 18 ಗಂಟೆ. ಬೋಟಿನವರು ನನ್ನನ್ನು ಕೇಳಿದ್ದೂ "ನಾಳೆ ಫ್ಲೈಟ್ ಇದೆಯಾ ಸರ್?" ಅಂತ. ಇಲ್ಲ ಅಂದೆ. ಘಾಟಿ ಇದೆಯಾ ಅಂತ ಯಾರೂ ಕೇಳಲಿಲ್ಲ. ಆದರೆ ಈ ನಿಯಮವನ್ನು ಮಾಡಿರುವುದೇ 2,000 ಅಡಿಯಿಂದ 8,000 ಅಡಿ ಎತ್ತರಕ್ಕೆ. ಮೀಟರ್ ಲೆಕ್ಕದಲ್ಲಿ 600ರಿಂದ 2,400. ಹಾಸನ, ಸಕಲೇಶಪುರ ಎರಡೂ 900 ಮೀಟರ್‌ಗಿಂತ ಮೇಲಿವೆ. ಚಿಕ್ಕಮಗಳೂರು ಇನ್ನೂ ಮೇಲೆ. ಗಾಡಿಯಲ್ಲಿ ಹತ್ತಿದರೂ ದೇಹಕ್ಕೆ ಅದು ಎತ್ತರವೇ.

ಅರ್ಧ ಗಂಟೆಯ ಒಂದು ಸಣ್ಣ ಡೈವ್‌ಗೆ ಅಪಾಯ ತುಂಬಾ ಕಡಿಮೆ, ಇದನ್ನೂ ಹೇಳಬೇಕು. ಹೆದರಿಸೋಕೆ ಬರೆಯುತ್ತಿಲ್ಲ. ಆದರೆ ಒಂದು ರಾತ್ರಿ ಕಾಯುವುದರಿಂದ ಆ ಸಣ್ಣ ಅಪಾಯವೂ ಇನ್ನಷ್ಟು ತಗ್ಗುವುದಾದರೆ ಕಾಯಬಹುದಲ್ವಾ? ಬೆಳಿಗ್ಗೆ 11ಕ್ಕೆ ನೀರಿನಿಂದ ಎದ್ದರು ಅಂದುಕೊಳ್ಳಿ. ಊಟ ಮಾಡಿ ಹೊರಟರೆ ಸಂಜೆ ಐದಕ್ಕೆಲ್ಲ ಆಗುಂಬೆಯಲ್ಲಿರುತ್ತಾರೆ. ಆಗಿರುವುದು ಬರೀ ಆರು ಗಂಟೆ. ಅದೇ ರಾತ್ರಿ ತೀರದಲ್ಲೇ ಮಲಗಿ ಬೆಳಿಗ್ಗೆ ತಿಂಡಿ ಮುಗಿಸಿ ಹೊರಟರೆ 18 ಗಂಟೆಯೂ ದಾಟಿರುತ್ತದೆ. ಅಷ್ಟು ಹೊತ್ತು ನೀರು ಚೆನ್ನಾಗಿ ಕುಡಿಯಿರಿ, ಮದ್ಯ ಮುಟ್ಟಬೇಡಿ. ಹೊರಡುವ ಮುಂಚೆ ಯಾರಿಗಾದರೂ ಕೀಲು ನೋವು, ಜೋಮು ಇದ್ದರೆ ಘಾಟಿ ಹತ್ತಲೇಬೇಡಿ. ತೀರದ ಊರಿನಲ್ಲೇ ಆಸ್ಪತ್ರೆಗೆ ಹೋಗಿ, ಡೈವ್ ಮಾಡಿದ್ದನ್ನು ಮೊದಲ ಮಾತಿಗೇ ಡಾಕ್ಟರಿಗೆ ಹೇಳಿ. ಮೊದಲ ಚಿಕಿತ್ಸೆ ಆಕ್ಸಿಜನ್.

ಇಷ್ಟನ್ನೂ ಬರೆದು ಅಕ್ಕನ ಮಗನಿಗೆ ವಾಟ್ಸ್ಆ್ಯಪಿನಲ್ಲಿ ಕಳಿಸಿದ್ದೆ. ಅವತ್ತು ಅವನು ಏನೂ ಹೇಳಲಿಲ್ಲ. ಹೋದ ಭಾನುವಾರ ಬೆಳಿಗ್ಗೆ 11 ಗಂಟೆಗೆ ಒಂದು ಫೋಟೋ ಬಂತು. ಆಗುಂಬೆಯ ಮೇಲೆ ನಿಲ್ಲಿಸಿದ ಕಾರು, ಡ್ಯಾಶ್‌ಬೋರ್ಡಿನ ಮೇಲೆ ಕುಂದಾಪುರದಲ್ಲಿ ಕೊಂಡ ಚಿಪ್ಸ್ ಪ್ಯಾಕೆಟ್. ಚೆನ್ನಾಗಿ ಉಬ್ಬಿತ್ತು. ಕೆಳಗೆ ಬರೆದಿದ್ದ, "ಮಾವ, ರಾತ್ರಿ ಮುರುಡೇಶ್ವರದಲ್ಲೇ ಇದ್ವಿ. ಒಡೆಯೋದಾ, ಮನೆವರೆಗೂ ನೋಡೋದಾ?"